ಹತ್ತು ಸೆಕೆಂಡಿನ ಟೆಸ್ಟಿಂಗು

ನಮ್ಮ ಹಳೇ ಡಿವಿಡಿ ಪ್ಲೇಯರನ್ನು ಅಟ್ಟಕ್ಕೆ ಹಾಕುವುದೋ ಗುಜರಿಗೆ ಹಾಕುವುದೋ ಅಂತ ಮನೆಯಲ್ಲಿ ಚರ್ಚೆ ನಡೆದಿತ್ತು. ಮೊದಲು ಅದು ಹಾಡುತ್ತದಾ ನೋಡೋಣ ಅಂತ ನನ್ನ ಹೆಂಡತಿ ಪಕ್ಕದ ಮನೆಯ ಹುಡುಗನನ್ನು ಕರೆದಳು. ಅವನು ಜೇಬಿನಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿದ. ಧಡ್ ಧಡ್ ಅಂತ ಏನೋ ಶುರುವಾಯಿತು. ಪಲ್ಲವಿ ಮುಗಿಯುವುದರೊಳಗೆ ಕಿತ್ತುಕೊಂಡು, "ವರ್ಕ್ ಆಗ್ತಿದೆ ಅಂಕಲ್" ಅಂದು ಹೊರಟೇ ಹೋದ.

ನನಗೆ ಮೈ ಉರಿಯಿತು. ಹತ್ತು ಸೆಕೆಂಡ್ ಸದ್ದು ಮಾಡಿದ್ದಕ್ಕೆ ಪಾಸಾ?

ಅಂಗಡಿಗಳಲ್ಲೂ ಇದೇ ಕಥೆ. ಟೆಸ್ಟಿಂಗಿಗೆ ಅಂತಲೇ ಒಂದು ಡಿಸ್ಕ್ ಇಟ್ಟುಕೊಂಡಿರುತ್ತಾರೆ. ಅದರಲ್ಲಿ ಎರಡನೇ ಹಾಡು ಯಾವುದು ಅಂತ ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಸಿಡಿಯನ್ನು ಪ್ಲೇಯರ್ ಓದುವುದು ಒಳಗಿನ ಸುತ್ತಿನಿಂದ ಹೊರಗೆ. ಮನೆಯಲ್ಲಿ ಬರೆದ ಡಿಸ್ಕುಗಳು ತಕರಾರು ತೆಗೆಯುವುದು ಬಹಳ ಸಲ ಹೊರ ಅಂಚಿನ ಹತ್ತಿರ. ಅಂದರೆ ಎಲ್ಲಿ ತೊಂದರೆ ಇರುವುದಿಲ್ಲವೋ ಅಲ್ಲೇ ನೋಡಿ ಎಲ್ಲರೂ ಸರ್ಟಿಫಿಕೇಟ್ ಕೊಡುತ್ತಿದ್ದಾರೆ. ಪ್ಲೇಯರನ್ನು ನಿಜವಾಗಿ ಪರೀಕ್ಷೆ ಮಾಡುವುದು ಹೇಗೆ ಅಂತ ಇವತ್ತು ಹೇಳಿಯೇಬಿಡುತ್ತೇನೆ. ಅದಕ್ಕೆ ಮೊದಲು ನಮ್ಮ ಮಾವನ ವಿಷಯ ಸ್ವಲ್ಪ.

ಮಾವ ಅಂದರೆ ಅಮ್ಮನ ಅಣ್ಣ. ಶಿರಸಿ ಕಡೆಯ ಹಳ್ಳಿ, ಅಡಿಕೆ ತೋಟ, ಜೊತೆಗೆ ತಾಳಮದ್ದಲೆಯ ಹುಚ್ಚು, ಅಂದರೆ ವೇಷ ಕುಣಿತ ಇಲ್ಲದೆ ಕೂತಲ್ಲೇ ಹಾಡು, ಮಾತಿನಲ್ಲಿ ಕಥೆ ನಡೆಸುವ ಯಕ್ಷಗಾನ. ಆ ಕಾಲದಲ್ಲಿ ಎಲ್ಲಿ ಕೂಟ ಇದ್ದರೂ ಟೇಪ್ ರೆಕಾರ್ಡರ್ ಹೊತ್ತು ಹೋಗಿ ಹಾಡುವ ಭಾಗವತರ ಪಕ್ಕದಲ್ಲೇ ಕೂರುತ್ತಿದ್ದರು. ಅವರ ಸಂಗ್ರಹದಲ್ಲಿ ಅವರಿಗೆ ಪ್ರಾಣವಾಗಿದ್ದದ್ದು ಅರ್ಜುನನ ಎದುರು ಯುದ್ಧಕ್ಕೆ ಹೊರಟ ರಾಜಕುಮಾರ ಸುಧನ್ವನ ಕಥೆ. ರಾತ್ರಿಯಿಡೀ ನಡೆದದ್ದು. 90 ನಿಮಿಷದ ಆರು ಕ್ಯಾಸೆಟ್, ಹನ್ನೆರಡು ಸೈಡು.

ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಪೇಟೆಯ ಅಂಗಡಿಯ ಹುಡುಗನೊಬ್ಬ ಎಲ್ಲವನ್ನೂ ಎಂಪಿ3 ಮಾಡಿಕೊಟ್ಟ. ಮಾಮೂಲಿ ಆಡಿಯೋ ಸಿಡಿಯಲ್ಲಿ 80 ನಿಮಿಷಕ್ಕಿಂತ ಜಾಸ್ತಿ ಹಿಡಿಯುವುದು ಕಷ್ಟ. ಎಂಪಿ3 ಮಾಡಿದರೆ ನಿಮಿಷಕ್ಕೆ ಹೆಚ್ಚುಕಮ್ಮಿ ಒಂದು ಎಂಬಿ ಸಾಕು. ಹಾಗಾಗಿ ಒಂಬತ್ತು ಗಂಟೆಯ ಅರ್ಥಗಾರಿಕೆ 700 ಎಂಬಿಯ ಒಂದೇ ತಟ್ಟೆಯಲ್ಲಿ ಕೂತಿತು, ಮೇಲೆ ಜಾಗ ಬೇರೆ ಉಳಿಯಿತು. ಫೈಲಿಗೆ ಹುಡುಗ ಮೊದಲು ಕನ್ನಡದಲ್ಲೇ ಹೆಸರು ಕೊಟ್ಟಿದ್ದನಂತೆ. ಟಿವಿಯಲ್ಲಿ ಸುಧನ್ವನ ಬದಲು ಒಂದು ಸಾಲು ಅಡ್ಡಗೆರೆ ಕಾಣಿಸಿತು. ಅಷ್ಟೆಲ್ಲ ದುಡ್ಡು ತೆಗೆದುಕೊಳ್ಳುವ ಯಂತ್ರಕ್ಕೆ ನಮ್ಮ ಅಕ್ಷರ ಓದಲು ಏನು ಕಷ್ಟವೋ. ಕೊನೆಗೆ ಬರೀ 1, 2, 3 ಅಂತ 12ರವರೆಗೆ ನಂಬರ್ ಕೊಟ್ಟು ಕಳಿಸಿದ.

ಆ ಸಂಜೆ ನಾನೂ ಅಲ್ಲಿದ್ದೆ. ಅತ್ತೆ ಸುಲಿಯುವ ಅಡಿಕೆ ಬದಿಗಿಟ್ಟು ಬಂದು ಕೂತರು. ಮೊದಲ ಫೈಲು, ಪೀಠಿಕೆ, ಬಹಳ ಚೆನ್ನಾಗಿ ಬಂತು. ಮುಂದಿನದು ಶುರುವಾಗುತ್ತಿದ್ದ ಹಾಗೆ ಅರ್ಜುನ ಎದುರಿಗೇ ನಿಂತು ಗುಡುಗುತ್ತಿದ್ದಾನೆ.

"ಸುಧನ್ವ ಇನ್ನೂ ಮನೆ ಬಿಟ್ಟೇ ಇಲ್ವಲ್ಲೋ ತಮಾ!" ಅಂದರು ಮಾವ.

ಮೂರೇ ಬಾಣದಲ್ಲಿ ಕೊಲ್ಲುತ್ತೇನೆ ಅಂತ ಅರ್ಜುನ, ಮೂರನ್ನೂ ಕತ್ತರಿಸುತ್ತೇನೆ ಅಂತ ಸುಧನ್ವ. ಮುಂದಿನ ಫೈಲಿನಲ್ಲಿ ಸುಧನ್ವನ ತಲೆ ಉರುಳಿತು. ಅದರ ಮುಂದಿನದರಲ್ಲಿ ಮಂಗಳ. ಮುಗಿಯಿತು ಅಂತ ನಾವು ಏಳುವುದರೊಳಗೆ ಸತ್ತವನು ಗಟ್ಟಿ ದನಿಯಲ್ಲಿ ತಾಯಿಯ ಹತ್ತಿರ ಆಶೀರ್ವಾದ ಕೇಳಲು ಶುರುಮಾಡಿದ. ಆಮೇಲೆ ಹೆಂಡತಿ ಪ್ರಭಾವತಿ ಹೋಗಬೇಡ ಅಂತ ತಡೆದಳು. ಯುದ್ಧಕ್ಕೆ ತಡವಾಯಿತು ಅಂತ ಹಂಸಧ್ವಜ ಮಗನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸಿದ.

"ಸತ್ತ ಮೇಲೆ ಎಣ್ಣೆಗೆ ಹಾಕಿದ್ರೆ ಅವನಿಗೇನು ಉರಿ?" ಅಂತ ಅತ್ತೆ ಎದ್ದು ಹೋದರು.

ಪ್ಲೇಯರಿಗೆ ಹತ್ತು ಅನ್ನುವ ಸಂಖ್ಯೆಯೇ ಗೊತ್ತಿಲ್ಲ. ಅದು ಹೆಸರನ್ನು ಒಂದೊಂದೇ ಅಕ್ಷರವಾಗಿ ನೋಡುತ್ತದೆ. ಒಂದರಿಂದ ಶುರುವಾಗುವವರೆಲ್ಲ ಮೊದಲು, ಎರಡು ಆಮೇಲೆ. ಹಾಗಾಗಿ 1 ಆದ ಮೇಲೆ 10, 11, 12, ನಂತರ 2. ಮುಂದೊಂದು ಸೊನ್ನೆ ಸೇರಿಸಿ 01, 02 ಅಂತ ಬರೆದಿದ್ದರೆ ಏನೂ ತೊಂದರೆ ಇರುತ್ತಿರಲಿಲ್ಲ. ಅಂಗಡಿಯ ಹುಡುಗನೂ ಟೆಸ್ಟ್ ಮಾಡಿಯೇ ಕಳಿಸಿದ್ದನಂತೆ. ಯಾವ ಫೈಲು ಹಾಕಿ ನೋಡಿದ್ದ? ಒಂದನೆಯದು. ಎಷ್ಟು ಹೊತ್ತು? ಕೇಳಲೇಬೇಡಿ.

ಸುಧನ್ವನ ಕಥೆಯಲ್ಲೂ ಒಂದು ಟೆಸ್ಟಿಂಗ್ ಬರುತ್ತದೆ. ಕೊಪ್ಪರಿಗೆಯಲ್ಲಿ ಬಿದ್ದರೂ ಅವನು ಸುಡುವುದಿಲ್ಲ. ಎಣ್ಣೆ ಸರಿಯಾಗಿ ಕಾದಿದೆಯೋ ಇಲ್ಲವೋ ಅಂತ ಶಂಖ, ಲಿಖಿತ ಅನ್ನುವ ಪುರೋಹಿತರಿಗೆ ಅನುಮಾನ. ಒಂದು ತೆಂಗಿನಕಾಯಿ ಎಸೆದು ನೋಡುತ್ತಾರೆ. ಅದು ಸಿಡಿದು ಎರಡು ಹೋಳಾಗಿ ಹಾರಿ ಇಬ್ಬರ ಹಣೆಗೂ ಬಡಿಯುತ್ತದೆ. ಹತ್ತು ಸೆಕೆಂಡಿನವರಿಗೆ ಇಂಥದ್ದೇನೂ ಆಗುವುದಿಲ್ಲ. ನನಗೆ ಅದೇ ಬೇಜಾರು.

ಇಷ್ಟು ಹೇಳಿದರೆ ಸಾಕು, ಯಾರಾದರೊಬ್ಬರು "ಇದೆಲ್ಲ ಯಾಕೆ, ಫೋನಲ್ಲಿ ಹಾಕ್ಕೊಳಿ" ಅನ್ನುತ್ತಾರೆ. ಮಾವನಿಗೆ ಫೋನು ಅಂದರೆ ಅಡಿಕೆ ರೇಟು ಕೇಳುವ ಸಾಧನ. ಅದರಲ್ಲಿ ಭಾಗವತಿಕೆ ಕೇಳುತ್ತಾ ಕೂತರೆ ಮಧ್ಯೆ ಯಾರೋ ಲೋನ್ ಬೇಕಾ ಅಂತ ಕೇಳುತ್ತಾರೆ. ಪ್ಲೇಯರ್ ದಡ್ಡ ಇರಬಹುದು, ಸಾಲ ಕೊಡಲು ಬರುವುದಿಲ್ಲ. ಹಾಗಂತ ಅದೂ ಸಾಚಾ ಏನಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಎಲ್ಲಿಗೆ ನಿಂತಿತ್ತು ಅನ್ನುವುದು ಮರೆತು ಮತ್ತೆ ಪೀಠಿಕೆಯಿಂದ ಶುರು ಮಾಡುತ್ತದೆ. ಕ್ಯಾಸೆಟ್ ಆದರೆ ನಿಂತಲ್ಲೇ ನಿಂತಿರುತ್ತಿತ್ತು, ಅಲ್ವಾ?

ನಂಬರ್ ಸರಿ ಮಾಡಿಸಿ ಹೊಸ ಸಿಡಿ ಬಂತು. ಈಗ ಸುಧನ್ವ ಕ್ರಮವಾಗಿ ಹೊರಟು, ಕ್ರಮವಾಗಿ ಎಣ್ಣೆಗೆ ಬಿದ್ದು, ಕ್ರಮವಾಗಿ ಸತ್ತ. ಮಾವ ಮಾತ್ರ ಮುಖ ಗಂಟು ಹಾಕಿಕೊಂಡೇ ಇದ್ದರು.

ಆಗಿದ್ದು ಇಷ್ಟು. ರೆಕಾರ್ಡ್ ಮಾಡುವಾಗ ಪ್ರತಿ ಸೈಡು ಮುಗಿದಾಗಲೂ ಟಕ್ ಅಂತ ನಿಂತು, ತಿರುಗಿಸಿ ಹಾಕುವಷ್ಟರಲ್ಲಿ ಪದದ ಒಂದೆರಡು ಸಾಲು ಹೋಗಿರುತ್ತಿತ್ತು. ಹೋದ ಸಾಲು ಯಾವುದು ಅಂತ ಪಕ್ಕದಲ್ಲೇ ಕೂತಿದ್ದ ಮಾವನಿಗೆ ಗೊತ್ತು. ಮನೆಯಲ್ಲಿ ಕೇಳುವಾಗ ಸೈಡು ಮುಗಿದ ಕೂಡಲೇ ಮುಚ್ಚಳ ತೆಗೆದು, ಕ್ಯಾಸೆಟ್ ತಿರುಗಿಸಿ, ಮುಚ್ಚಿ, ಬಟನ್ ಒತ್ತುವವರೆಗೆ ಆ ಸಾಲುಗಳನ್ನು ಅವರೇ ಹಾಡಿಬಿಡುತ್ತಿದ್ದರು. ಭಾಗವತರದ್ದೇ ರಾಗ, ಕ್ಯಾಸೆಟ್ ಹಿಡಿದ ಕೈಯಲ್ಲೇ ತಾಳ. ಇಷ್ಟು ವರ್ಷ ಹಾಗೇ ನಡೆದಿತ್ತು. ಪ್ಲೇಯರ್ ಎರಡು ಸೆಕೆಂಡೂ ಕೊಡುವುದಿಲ್ಲ. ಮಾವ ಇನ್ನೂ ಪದ ಎತ್ತುತ್ತಿರುವಾಗಲೇ ಪಾತ್ರದ ಮಾತಾಡುವ ಅರ್ಥಧಾರಿ ಬಾಯಿ ಹಾಕುತ್ತಾನೆ.

"ಇದಕ್ಕೆ ಎಂತ ಅವಸರ ಮಾರಾಯ?"

ಮತ್ತೆ ಅದೇ ಹುಡುಗನ ಹತ್ತಿರ ಹೋಗಿ, ಪ್ರತಿ ಫೈಲಿನ ನಡುವೆ ಏನೂ ಇಲ್ಲದ ಒಂದೊಂದು ಫೈಲು ಹಾಕಿಕೊಡು ಅಂದರಂತೆ. ಏನೂ ಇಲ್ಲದ್ದಕ್ಕೂ ಅವನು ದುಡ್ಡು ತೆಗೆದುಕೊಂಡ. ಈಗ ಆ ಸಿಡಿಯಲ್ಲಿ ಒಟ್ಟು 23 ಫೈಲು, ಅದರಲ್ಲಿ 11 ಖಾಲಿ. ಗೊತ್ತಿಲ್ಲದವರು ಪ್ಲೇಯರ್ ಕೆಟ್ಟಿತು ಅಂದುಕೊಂಡು ತಟ್ಟಲು ಏಳುತ್ತಾರೆ. ಮಾವ ಪದ ನಿಲ್ಲಿಸದೆಯೇ ಕಣ್ಣು ಬಿಟ್ಟು ಅವರನ್ನು ಕೂರಿಸುತ್ತಾರೆ. ಮೂವತ್ತು ಸೆಕೆಂಡ್ ಬಿಡಿಸಿದ್ದು ಕೆಲವು ಕಡೆ ಸಾಲುತ್ತಿಲ್ಲವಂತೆ. ನಲವತ್ತು ಮಾಡಿಸಬೇಕು ಅನ್ನುತ್ತಿದ್ದಾರೆ.