ದೊರೆಯ ಮನೆಗೆ ಎರಡು ಸೂರ್ಯ

ಆಮೆ ಸಾಕುವುದು ತುಂಬಾ ಸುಲಭ ಅಂತ ಹೇಳುವವರು ಸಾಮಾನ್ಯವಾಗಿ ತಮ್ಮ ಆಮೆಯನ್ನು ಬೇರೆಯವರ ಮನೆಗೆ ದಾಟಿಸುವ ತಯಾರಿಯಲ್ಲಿರುತ್ತಾರೆ. ನನ್ನ ತಮ್ಮನೂ ಹಾಗೇ ಹೇಳಿದ್ದ. "ಅಕ್ಕಾ, ಇದು ಬೊಗಳಲ್ಲ, ಕೂದಲು ಉದುರಿಸಲ್ಲ, ವಾಕಿಂಗ್ ಕರ್ಕೊಂಡು ಹೋಗು ಅನ್ನಲ್ಲ. ನೀರಿದ್ರೆ ಸಾಕು." ಇಷ್ಟು ಹೇಳಿ, ಗಾಜಿನ ತೊಟ್ಟಿಯನ್ನೂ ಅದರೊಳಗಿದ್ದ ಕೆಂಪು ಕಿವಿಯ ಸ್ಲೈಡರ್ ಆಮೆಯನ್ನೂ ನಮ್ಮ ಮನೆಯಲ್ಲಿಟ್ಟು ಹೊರಟ. ಆಮೆಗೆ ದೊರೆ ಅಂತ ಹೆಸರಿಟ್ಟವಳು ನನ್ನ ಮಗಳು. ಆ ಹೆಸರಿಟ್ಟ ಮೇಲೆ ದೊರೆಗೆ ತಕ್ಕ ಹಾಗೆ ನೋಡಿಕೊಳ್ಳಬೇಕಲ್ವಾ.

ಬಂದ ಹೊಸತರಲ್ಲಿ ದೊರೆ ಊಟ ಮುಟ್ಟಲಿಲ್ಲ. ತೊಟ್ಟಿಯ ತಳದಲ್ಲಿ ಅಲ್ಲಾಡದೆ ಕೂತಿರುತ್ತಿತ್ತು. "ಪಾಪ, ಬೇಸರ ಮಾಡ್ಕೊಂಡಿದೆ" ಅಂದರು ಅತ್ತೆ. ಬೇಸರವಲ್ಲ, ಚಳಿ. ಆಮೆ ನಮ್ಮ ಹಾಗೆ ಮೈಯೊಳಗೇ ಬಿಸಿ ಹುಟ್ಟಿಸಿಕೊಳ್ಳುವ ಪ್ರಾಣಿಯಲ್ಲ. ಹೊರಗಿನಿಂದ ಬಿಸಿ ಸಿಕ್ಕರೆ ಓಡಾಡುತ್ತದೆ, ತಿನ್ನುತ್ತದೆ, ತಿಂದದ್ದು ಅರಗುತ್ತದೆ. ಸಿಗದಿದ್ದರೆ ಎಲ್ಲಾ ಬಂದ್. ಬೆಳೆದ ಸ್ಲೈಡರ್‌ಗೆ ನೀರು ಸುಮಾರು 24ರಿಂದ 27 ಡಿಗ್ರಿ ಇರಬೇಕು. ನೀರಿನಿಂದ ಮೇಲೆ ಬಂದು ಮೈ ಕಾಯಿಸಿಕೊಳ್ಳುವ ಕಲ್ಲು 32ರಿಂದ 35 ಡಿಗ್ರಿ ಇರಬೇಕು. ಒಂದೇ ತೊಟ್ಟಿಯೊಳಗೆ ಎರಡು ಹವಾಮಾನ. ನಮ್ಮ ಮನೆಯಲ್ಲಿ ಫ್ಯಾನು ಎಷ್ಟರಲ್ಲಿರಬೇಕು ಅನ್ನೋ ಮಾತೇ ಇನ್ನೂ ಇತ್ಯರ್ಥವಾಗಿಲ್ಲ.

ದೊರೆ ಗಂಡೋ ಹೆಣ್ಣೋ ಅನ್ನೋದು ನಮಗೆ ಗೊತ್ತಿಲ್ಲ. ಸ್ಲೈಡರ್‌ಗಳಲ್ಲಿ ಅದನ್ನು ತೀರ್ಮಾನಿಸುವುದೂ ಬಿಸಿಯೇ. ಮೊಟ್ಟೆಗೆ 26 ಡಿಗ್ರಿ ಆಸುಪಾಸಿನ ಕಾವು ಸಿಕ್ಕರೆ ಗಂಡು, 31 ದಾಟಿದರೆ ಹೆಣ್ಣು. ಹುಟ್ಟುವ ಮೊದಲೇ ಥರ್ಮಾಮೀಟರಿನ ಮಾತು ಕೇಳಿದ ಪ್ರಾಣಿ ಇದು. ಇನ್ನು ನಮ್ಮ ಮಾತು ಎಲ್ಲಿ ಕೇಳುತ್ತೆ!

ದೀಪ ತರುವ ಜವಾಬ್ದಾರಿ ಯಜಮಾನರದ್ದಾಯಿತು. ಮೊದಲು ತಂದದ್ದು ಎಲ್‌ಇಡಿ. ಒಂಬತ್ತು ವ್ಯಾಟ್, ಕಣ್ಣು ಕೋರೈಸುವ ಬೆಳಕು, ಕರೆಂಟ್ ಬಿಲ್ಲಿನ ಚಿಂತೆಯೇ ಇಲ್ಲ. ಆದರೆ ಎಲ್‌ಇಡಿಯ ಹೆಚ್ಚುಗಾರಿಕೆಯೇ ಬಿಸಿಯಾಗಿ ಕರೆಂಟನ್ನು ಪೋಲು ಮಾಡದೇ ಇರುವುದು. ನಮಗೆ ಬೇಕಿದ್ದದ್ದು ಆ ಪೋಲೇ. ಲೋಕವೆಲ್ಲ ಬೈದು ಬದಿಗಿಟ್ಟ ಹಳೇ ಕಾಲದ ತಂತಿ ಬಲ್ಬು, ಅದರ ತಮ್ಮನಾದ ಹ್ಯಾಲೊಜೆನ್, ಇವೆರಡೂ ತಿಂದ ಕರೆಂಟಿನ ಬಹುಪಾಲನ್ನು ಬಿಸಿಯಾಗಿ ಉಗುಳುತ್ತವೆ. ಆಮೆಗೆ ಅದೇ ಬೇಕು. "ಅಂದ್ರೆ ಕರೆಂಟ್ ಉಳಿಸದೇ ಇರೋ ಬಲ್ಬು ಹುಡುಕಿ ತರ್ಬೇಕಾ?" ಅಂತ ಯಜಮಾನರು ಕೇಳಿದ ಧಾಟಿ ನೋಡಬೇಕಿತ್ತು. ಜೀವನಪೂರ್ತಿ ರೂಮು ರೂಮಿಗೆ ಹೋಗಿ ಸ್ವಿಚ್ಚು ಆರಿಸಿದ ಮನುಷ್ಯ.

ಎರಡನೇ ಸಲ ತಂದದ್ದು ನೇರಳೆ ಬಣ್ಣದ ಬಲ್ಬು. ಡಬ್ಬದ ಮೇಲೆ ನಗುತ್ತಿರುವ ಹಲ್ಲಿಯ ಚಿತ್ರ. ಹಾಕಿದ ಕೂಡಲೇ ನಮ್ಮ ಹಾಲ್ ನಾಟಕದಲ್ಲಿ ರಾಕ್ಷಸ ಬರುವ ದೃಶ್ಯದ ಹಾಗಾಯಿತು. ದೊರೆ ತಲೆ ಒಳಗೆಳೆದುಕೊಂಡಿತು. "ರೀ, ಇದ್ಯಾಕೆ ನೇರಳೆ?" ಅಂದೆ. "ಯುವಿ ಅಲ್ವಾ, ಅದಕ್ಕೇ" ಅಂದರು.

ಈ ವ್ಯಾಪಾರದ ಗುಟ್ಟೆಲ್ಲ ಇರೋದು ಇಲ್ಲೇ. ಯುವಿ ಅಂದರೆ ಅತಿನೇರಳೆ ಕಿರಣ; ಆಮೆಗೆ ಬೇಕಾದ ಯುವಿಬಿ ಅನ್ನೋದು ಅದರಲ್ಲೇ ಒಂದು ಬಗೆ, 280ರಿಂದ 315 ನ್ಯಾನೋಮೀಟರ್ ನಡುವಿನದ್ದು. ಅದು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವ ನೇರಳೆ ಬರೀ ಬಣ್ಣ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಜಾತಿಯ ಬಲ್ಬು. ಯುವಿಬಿ ಚರ್ಮಕ್ಕೆ ತಾಗಿದರೆ ಆಮೆಯ ಮೈಯಲ್ಲಿ ವಿಟಮಿನ್ ಡಿ3 ಆಗುತ್ತದೆ. ಆ ಡಿ3 ಇದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಇಲ್ಲದಿದ್ದರೆ ಮೂಳೆ ಸವೆಯುತ್ತದೆ, ಚಿಪ್ಪು ಮೆತ್ತಗಾಗುತ್ತದೆ. ಆಮೆಗೆ ಚಿಪ್ಪೇ ಮೆತ್ತಗಾದರೆ ಇನ್ನೇನು ಉಳೀತು ಹೇಳಿ.

ಹಾಗಾಗಿ ಬೇಕಾದದ್ದು ಎರಡು ಸೂರ್ಯ. ಒಂದು ಬಿಸಿಗೆ, ಒಂದು ಯುವಿಬಿಗೆ. ನಿಜವಾದ ಸೂರ್ಯ ಎರಡನ್ನೂ ಒಟ್ಟಿಗೇ, ಪುಕ್ಕಟೆ ಕೊಡುತ್ತಾನೆ ಅನ್ನೋದು ಅತ್ತೆಯ ವಾದ. "ಅಲ್ಲಮ್ಮಾ, ಕಿಟಕಿ ಪಕ್ಕ ಇಟ್ರೆ ಬಿಸಿಲು ಸುಮ್ನೆ ಬರುತ್ತೆ. ಈ ಬಲ್ಬಿನ ಜಾತ್ರೆ ಯಾಕೆ?" ವಾದದಲ್ಲಿ ಒಂದೇ ತೊಡಕು, ಕಿಟಕಿಯ ಗಾಜು. ಅದು ಬೆಳಕನ್ನು ಬಿಡುತ್ತದೆ, ಬಿಸಿಯನ್ನು ಬಿಡುತ್ತದೆ, ಯುವಿಬಿಯನ್ನು ಮಾತ್ರ ಹೆಚ್ಚುಕಡಿಮೆ ಪೂರ್ತಿ ಹೊರಗೇ ನಿಲ್ಲಿಸುತ್ತದೆ. ಅದೂ ಅಲ್ಲದೆ ಗಾಜಿನ ತೊಟ್ಟಿಗೆ ನೇರ ಬಿಸಿಲು ಬಿದ್ದರೆ ನೀರು ಎಲ್ಲಿಗೆ ಏರುತ್ತದೋ ಹೇಳಲಾಗದು, ಒಳಗಿದ್ದವರಿಗೆ ಓಡಲು ಜಾಗವೂ ಇರದು. ಅತ್ತೆ ಇದನ್ನು ಕೇಳಿಸಿಕೊಂಡು, "ಹಾಗಾದ್ರೆ ನಾನು ಇಷ್ಟು ದಿನ ಕಿಟಕಿ ಪಕ್ಕ ಕೂತಿದ್ದೂ ದಂಡವಾ?" ಅಂದರು. ಡಿ3 ಮಟ್ಟಿಗೆ ಹೌದು. ಹೇಳುವ ಧೈರ್ಯ ಬರಲಿಲ್ಲ.

ಅಂತೂ ಉದ್ದನೆಯ ಯುವಿಬಿ ಟ್ಯೂಬ್ ಬಂತು. ಇದರದ್ದೂ ನೂರೆಂಟು ಕರಾರು. ತೀರಾ ಹತ್ತಿರ ಬಂದರೆ ಆಮೆಯ ಕಣ್ಣಿಗೆ ಕುತ್ತು, ದೂರ ಹೋದರೆ ಉಪಯೋಗವಿಲ್ಲ. ಮಧ್ಯೆ ಗಾಜು, ಪ್ಲಾಸ್ಟಿಕ್ ಬರಬಾರದು. ತಂತಿ ಜಾಲರಿ ಇದ್ದರೂ ಒಂದಿಷ್ಟು ಕಿರಣ ಅಲ್ಲೇ ಸೋರಿಹೋಗುತ್ತದೆ. ಎಲ್ಲಕ್ಕಿಂತ ಜಾಸ್ತಿ ಜಗಳಕ್ಕೆ ಕಾರಣವಾದದ್ದು ಇದರ ಆಯಸ್ಸು. ಟ್ಯೂಬು ಚೆನ್ನಾಗಿ ಉರಿಯುತ್ತಲೇ ಇರುತ್ತದೆ, ಆದರೆ ಅದರೊಳಗಿನ ಯುವಿಬಿ ಕುಗ್ಗಿರುತ್ತದೆ. ತಯಾರಕರು ಹೇಳಿದ ಹಾಗೆ 6ರಿಂದ 12 ತಿಂಗಳಿಗೆ ಬದಲಾಯಿಸಬೇಕು. "ಉರೀತಿರೋದನ್ನ ಯಾರಾದ್ರೂ ಬಿಸಾಕ್ತಾರಾ?" ಅಂತ ಯಜಮಾನರು ಪಟ್ಟು ಹಿಡಿದರು. ತೆಗೆದ ಟ್ಯೂಬನ್ನು ತಮ್ಮ ಓದುವ ಮೇಜಿಗೆ ಹಾಕಿಕೊಳ್ಳುತ್ತೇನೆ ಅಂದರು. ಅದು ಕಣ್ಣಿಗೆ ಒಳ್ಳೆಯದಲ್ಲ ಅಂತ ತಡೆದೆ. ಈಗ ಟ್ಯೂಬಿನ ತುದಿಯಲ್ಲಿ ಮಾರ್ಕರ್ ಪೆನ್ನಿನಿಂದ ತಾರೀಖು ಬರೆದಿಡುತ್ತೇವೆ. ನಮ್ಮ ಮದುವೆಯ ತಾರೀಖು ಮರೆಯುವವರು ಇದನ್ನು ಸರಿಯಾಗಿ ನೆನಪಿಟ್ಟುಕೊಂಡಿರುತ್ತಾರೆ. ಹೊಸ ಟ್ಯೂಬಿನ ಖರ್ಚು ನೋಡಿ.

ರಾತ್ರಿಯದ್ದು ಬೇರೆಯೇ ಕಥೆ. ರಾತ್ರಿ ಬಿಸಿಗೆ ಕೆಂಪು ಬಲ್ಬು ಹಾಕಿ, ಆಮೆಗೆ ಕೆಂಪು ಕಾಣಲ್ಲ ಅಂತ ಅಂಗಡಿಯವರ ಸಲಹೆ. ಸುಳ್ಳು. ಸ್ಲೈಡರ್ ಆಮೆಗೆ ಕೆಂಪು ಚೆನ್ನಾಗಿಯೇ ಕಾಣುತ್ತದೆ. ಬಣ್ಣ ಗುರುತಿಸುವ ಕಣ್ಣಿನ ಕೋಶಗಳು ನಮಗೆ ಮೂರು ಬಗೆ, ಅದಕ್ಕೆ ನಾಲ್ಕು. ರಾತ್ರಿಯೆಲ್ಲ ಮುಖದ ಮೇಲೆ ಕೆಂಪು ದೀಪ ಉರಿದರೆ ಯಾರಿಗೆ ತಾನೇ ನಿದ್ದೆ ಬಂದೀತು? ನೀರು ಬೆಚ್ಚಗಿದ್ದರೆ, ಮನೆ ತೀರಾ ತಣ್ಣಗಿಲ್ಲದಿದ್ದರೆ ರಾತ್ರಿಗೆ ಏನೂ ಬೇಡ, ಕತ್ತಲೆ ಸಾಕು. ಕೊರೆಯುವ ಚಳಿಯಿದ್ದರೆ ಪಿಂಗಾಣಿಯ ಹೀಟರ್ ಸಿಗುತ್ತದೆ. ಬಲ್ಬಿನ ಹಾಗೇ ಹೋಲ್ಡರಿಗೆ ತಿರುಗಿಸುವುದು, ಬರೀ ಬಿಸಿ, ಒಂದು ಚೂರೂ ಬೆಳಕಿಲ್ಲ.

ಬೆಳಕಿಲ್ಲ ಅನ್ನೋದೇ ಅದರ ಗುಣ, ಅದೇ ಅದರ ಅಪಾಯ. ಯಜಮಾನರು ಸ್ವಿಚ್ಚು ಹಾಕಿ ಸುಮಾರು ಹೊತ್ತು ಕಾದರು. "ಇದು ಹತ್ತಲೇ ಇಲ್ಲ, ಡಮ್ಮಿ ಪೀಸ್ ಕೊಟ್ಟಿದ್ದಾರೆ" ಅಂತ ಬಿಚ್ಚಲು ಕೈ ಹಾಕಿದರು. ಆಮೇಲೆ ಬಂದ ಶಬ್ದಕ್ಕೆ ಪಕ್ಕದ ಮನೆಯವರು ಬಾಗಿಲು ತೆರೆದರು. ಪೀಸ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಎಷ್ಟು ಚೆನ್ನಾಗಿ ಅಂದರೆ, ಅದನ್ನು ಹಾಕಿದ್ದ ಪ್ಲಾಸ್ಟಿಕ್ ಹೋಲ್ಡರ್ ಕೂಡ ಒಂದು ಬದಿಗೆ ವಾಲಿತ್ತು. ಇದಕ್ಕೆ ಪಿಂಗಾಣಿ ಹೋಲ್ಡರೇ ಬೇಕು ಅಂತ ಡಬ್ಬದ ಮೇಲೆ ಬರೆದಿತ್ತು. ಡಬ್ಬ ಓದುವುದು ನಮ್ಮ ಮನೆಯಲ್ಲಿ ಬೆರಳು ಸುಟ್ಟ ಮೇಲಿನ ಕಾರ್ಯಕ್ರಮ.

ನೀರಿನೊಳಗಿನ ಹೀಟರಿನ ಮೇಲೆ ದೊರೆಗೆ ಮೊದಲ ದಿನದಿಂದಲೂ ಹಗೆ. ಅದನ್ನು ಗಾಜಿಗೆ ಹಿಡಿದಿಡುವ ರಬ್ಬರ್ ಬಟ್ಟಲುಗಳನ್ನು ಒಂದೊಂದಾಗಿ ಕಿತ್ತು, ಮೂತಿಯಿಂದ ತಳ್ಳಿಕೊಂಡು ಹೋಗಿ ಮೂಲೆ ಸೇರಿಸುತ್ತದೆ. ಗಾಜಿನ ಹೀಟರ್ ಆದರೆ ಒಡೆದೇ ಹೋದೀತು, ಅದಕ್ಕೇ ಸುತ್ತ ಒಂದು ಪಂಜರ. ಲೀಟರಿಗೆ ಒಂದು ವ್ಯಾಟ್ ಅನ್ನೋದು ಸಾಮಾನ್ಯ ಲೆಕ್ಕ. ನೀರು ಖಾಲಿ ಮಾಡುವ ಮೊದಲು ಪ್ಲಗ್ಗು ಕೀಳಬೇಕು, ಇಲ್ಲದಿದ್ದರೆ ಬರೀ ಗಾಳಿಯಲ್ಲಿ ಕಾದ ಹೀಟರ್ ಹೊಸ ನೀರು ಬಿದ್ದ ಕೂಡಲೇ ಸೀಳುತ್ತದೆ. ತೊಟ್ಟಿಯೊಳಗೆ ಕೈ ಹಾಕುವವರಿಗೂ ಪ್ಲಗ್ಗು ಕಿತ್ತಿರುವುದೇ ಕ್ಷೇಮ.

ಕಲ್ಲು ಕಾಯಿಸುವ ಕ್ಲಿಪ್ಪಿನ ದೀಪದ ಮೇಲೆ ಮಾತ್ರ ನನಗೆ ಕೊಂಚವೂ ನಂಬಿಕೆಯಿಲ್ಲ. ದೊರೆ ಕಲ್ಲಿನಿಂದ ಧುಮುಕಿದಾಗ ಏಳುವ ನೀರಿಗೆ ಕ್ಲಿಪ್ಪು ಕಚ್ಚಿದ್ದ ಹಲಗೆ ಒದ್ದೆ, ಒದ್ದೆಗೆ ಕ್ಲಿಪ್ಪು ಜಾರಿ, ದೀಪದ ಮೂತಿ ಹಿಂದಕ್ಕೆ ತಿರುಗಿ ಸೋಫಾದ ಕೈಯನ್ನು ಮನಸಾರೆ ಕಾಯಿಸುತ್ತಿತ್ತು. ವಾಸನೆ ಬಂದು ನೋಡಿದಾಗ ಬಟ್ಟೆಯ ಮೇಲೆ ಕಂದು ಬಣ್ಣದ ಗುಂಡನೆಯ ಗುರುತು. ಅದೇ ಮುಂದಕ್ಕೆ ಜಾರಿದ್ದರೆ ನೇರ ನೀರಿಗೆ. ಈಗ ದೀಪ ಚಾವಣಿಯ ಕೊಕ್ಕೆಯಿಂದ ಸರಪಳಿಯಲ್ಲಿ ನೇತಾಡುತ್ತಿದೆ. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವ ಹಾಗೆ ಬಿಟ್ಟಿದ್ದೇವೆ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಲಿ ಅಂತ. ಸೋಫಾದ ಮೇಲೊಂದು ಕುಶನ್ ಖಾಯಂ ಆಗಿದೆ.

ಇಷ್ಟಾದರೂ ಕಲ್ಲು ಎಷ್ಟು ಬಿಸಿ ಅಂತ ಯಾರಿಗೂ ಗೊತ್ತಿರಲಿಲ್ಲ. ಗಾಜಿಗೆ ಅಂಟಿಸುವ ಪಟ್ಟಿ ಥರ್ಮಾಮೀಟರ್ ಗಾಜಿನ ಬಿಸಿಯನ್ನು ಹೇಳುತ್ತದೆ, ಕಲ್ಲಿನದ್ದಲ್ಲ. ಮಗಳು ಹಟ ಹಿಡಿದು, ಗುರಿಯಿಟ್ಟು ಒತ್ತಿದರೆ ಮೇಲ್ಮೈಯ ಬಿಸಿ ತೋರಿಸುವ ಇನ್‌ಫ್ರಾರೆಡ್ ಗನ್ ತರಿಸಿದಳು. ಅವತ್ತು ಮನೆಯಲ್ಲಿ ಅಳತೆಯಾಗದೆ ಉಳಿದ ವಸ್ತುವಿಲ್ಲ. ಅಜ್ಜಿಯ ಮಂಡಿ, ಲ್ಯಾಪ್‌ಟಾಪಿನ ಬೆನ್ನು, ನನ್ನ ಹಣೆ. ಕೊನೆಗೆ ವರದಿ ಬಂತು: "ಅಪ್ಪನ ಬೋಳುತಲೆ 34, ದೊರೆಯ ಕಲ್ಲು 28. ಅಮ್ಮಾ, ದೊರೆ ಅಪ್ಪನ ತಲೆ ಮೇಲೆ ಕೂತ್ರೇ ಒಳ್ಳೇದು." ಯಜಮಾನರು ಮರುಮಾತಾಡದೆ ಸರಪಳಿಯ ಎರಡು ಕೊಂಡಿ ಇಳಿಸಿ ದೀಪವನ್ನು ಕಲ್ಲಿಗೆ ಹತ್ತಿರ ತಂದರು.

ಅದೇ ಮಧ್ಯಾಹ್ನ ದೊರೆ ಕಲ್ಲು ಹತ್ತಿತು. ಕತ್ತು ಉದ್ದಕ್ಕೆ ಚಾಚಿ, ಹಿಂಗಾಲೆರಡನ್ನೂ ಗಾಳಿಗೆ ಬಿಟ್ಟು, ಬೆರಳುಗಳ ನಡುವಿನ ಪೊರೆಯನ್ನೂ ಬಿಡಿಸಿಕೊಂಡು ಮಲಗಿತು. ಸಂಜೆಗೆ ಊಟವನ್ನೂ ಮಾಡಿತು.

ಕೊನೆಗೆ ಬಂದದ್ದು ಟೈಮರ್. ದೊರೆಗೆ ದಿನಕ್ಕೆ 10ರಿಂದ 12 ಗಂಟೆ ಬೆಳಕು, ಉಳಿದ ಹೊತ್ತು ಕತ್ತಲೆ. ನಮ್ಮ ನೆನಪನ್ನು ನಂಬಿಕೊಂಡರೆ ಅದರ ಸೂರ್ಯ ಒಂದು ದಿನ ನಡುರಾತ್ರಿ ಮುಳುಗುತ್ತಾನೆ, ಮತ್ತೊಂದು ದಿನ ಹುಟ್ಟುವುದೇ ಇಲ್ಲ. ನಾವು ಕೊಂಡದ್ದು ಮುಳ್ಳು ತಿರುಗುವ ಅಗ್ಗದ ಟೈಮರ್. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ, ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆಗಾಗ ಸರಿ ಮಾಡುತ್ತಿರಬೇಕು. ಆದರೆ ಅದರಿಂದ ಯಾರೂ ಎಣಿಸದ ಒಂದು ಲಾಭ ಸಿಕ್ಕಿದೆ. ರಾತ್ರಿ ಎಂಟಕ್ಕೆ ಟಕ್ ಅಂತ ಎರಡೂ ಸೂರ್ಯ ಒಟ್ಟಿಗೇ ಆರುತ್ತವೆ, ಅರ್ಧ ಹಾಲ್ ಕತ್ತಲಾಗುತ್ತದೆ. ಎದ್ದು ಹೋಗುವ ಲಕ್ಷಣವೇ ಇಲ್ಲದೆ ಕೂತ ನೆಂಟರು ಕೂಡ ಬೆಚ್ಚಿ, "ಅಯ್ಯೋ, ಹೊತ್ತಾಯ್ತು" ಅಂತ ಚಪ್ಪಲಿ ಹುಡುಕುತ್ತಾರೆ. ದೊರೆಗೆ ಹತ್ತು ಗಂಟೆ ಬೆಳಕೂ ಸಾಲುತ್ತದೆ. ಹಾಗಾಗಿ ಕೆಲವರು ಬರುವ ದಿನ ಮುಳ್ಳನ್ನು ಆರೂವರೆಗೆ ತಿರುಗಿಸಿಡಲು ಯಜಮಾನರು ಕಲಿತಿದ್ದಾರೆ.