ಆಕಾಶ ಸುಲಭ, ಗೋಡೆ ಕಷ್ಟ

ಉಪಗ್ರಹ ಇಂಟರ್ನೆಟ್ಟಿನ ಪೆಟ್ಟಿಗೆ ಮನೆಗೆ ಬಂದ ದಿನ ಎಲ್ಲರಿಗೂ ಹುಟ್ಟುವ ದಿಗಿಲು ಒಂದೇ. ಅಷ್ಟು ಮೇಲಿರುವ ಉಪಗ್ರಹವನ್ನು ಇಲ್ಲಿ ತಾರಸಿಯ ಮೇಲೆ ನಿಂತು ಹುಡುಕುವುದು ಹೇಗೆ? ಗೋಡೆಗೆ ತೂತು ಕೊರೆಯುವ ವಿಷಯದಲ್ಲಿ ಮಾತ್ರ ಯಾರಿಗೂ ಅಳುಕಿಲ್ಲ. ಗೋಡೆ ತಾನೆ, ನಮ್ಮದೇ ತಾನೆ! ಹೆದರಬೇಕಾದ ಕಡೆ ಧೈರ್ಯ, ಧೈರ್ಯವಾಗಿರಬಹುದಾದ ಕಡೆ ಹೆದರಿಕೆ. ನಾವೇ ಕೂರಿಸೋಣವೇ, ಟೆಕ್ನಿಷಿಯನ್ನನ್ನು ಕರೆಸೋಣವೇ ಎಂಬ ಲೆಕ್ಕ ತಪ್ಪುವುದು ಇಲ್ಲೇ.

ಸ್ಟಾರ್‌ಲಿಂಕ್ ಬಗೆಯ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಓಡುತ್ತಲೇ ಇರುತ್ತವೆ. ಒಂದು ಉಪಗ್ರಹ ನಮ್ಮ ತಲೆಯ ಮೇಲೆ ಉಳಿಯುವುದು ಕೆಲವೇ ನಿಮಿಷ. ಕೈಯಲ್ಲಿ ಡಿಶ್ ತಿರುಗಿಸುತ್ತ ಅದರ ಬೆನ್ನು ಹತ್ತಲು ಯಾವ ಟೆಕ್ನಿಷಿಯನ್ನಿಗೂ ಆಗದು. ಅದಕ್ಕೇ ಇದರ ಡಿಶ್ ಎಂಬ ಚಪ್ಪಟೆ ಹಲಗೆಯೊಳಗೆ ನೂರಾರು ಪುಟ್ಟ ಆಂಟೆನಾಗಳನ್ನು ಜೋಡಿಸಿದ್ದಾರೆ. ಹಲಗೆ ಅಲುಗದೆಯೇ ಅದರ ರೇಡಿಯೊ ಕಿರಣ ಮಾತ್ರ ತಿರುಗುತ್ತದೆ. ನಮ್ಮ ಪಾಲಿನ ಕೆಲಸ ಅದನ್ನು ನಿಲ್ಲಿಸಿ, ವಿದ್ಯುತ್ ಕೊಟ್ಟು, ಮೊಬೈಲಿನಲ್ಲಿ ಕಂಪನಿಯ ಆ್ಯಪ್ ಹೇಳಿದ ದಿಕ್ಕಿಗೆ ವಾಲಿಸುವುದಷ್ಟೇ. ಅದು ಕೇಳುವ ಒಂದೇ ಒಂದು ಕಾಣಿಕೆ ತೆರೆದ ಆಕಾಶ, ಸುಮಾರು 100 ಡಿಗ್ರಿ ಅಗಲದಷ್ಟು. ಒಂದು ಕೊಂಬೆ ಅಡ್ಡ ಬಂತೆನ್ನಿ, ಸ್ಪೀಡ್ ಟೆಸ್ಟ್ ಚೆನ್ನಾಗಿಯೇ ತೋರಿಸುತ್ತದೆ, ಆದರೆ ವಿಡಿಯೊ ಕರೆಯಲ್ಲಿ ಎದುರಿನವರ ಮುಖ ಆಗಾಗ ಎರಡು ಮೂರು ಸೆಕೆಂಡು ಕಲ್ಲಾಗುತ್ತದೆ. ಬೈಗುಳ ಬೀಳುವುದು ಪಾಪದ ರೌಟರಿಗೆ. ಆದ್ದರಿಂದ ಬೋಲ್ಟ್ ಬಿಗಿಯುವ ಮೊದಲು ಒಂದು ಹಗಲು ಒಂದು ರಾತ್ರಿ ಡಿಶ್ಶನ್ನು ಅಂದುಕೊಂಡ ಜಾಗದಲ್ಲಿ ಸುಮ್ಮನೆ ಇಟ್ಟುಬಿಡಿ. ಆಕಾಶದಲ್ಲಿ ಎಲ್ಲೆಲ್ಲಿ ಅಡ್ಡಿಯಿದೆಯೆಂದು ಆ್ಯಪ್ ತಾನೇ ನಕ್ಷೆ ಬಿಡಿಸುತ್ತದೆ. ಈಗ ಎಲೆ ಉದುರಿ ಬೋಳಾಗಿರುವ ಮರ ಮುಂದೆ ಚಿಗುರುತ್ತದೆ ಎಂಬುದನ್ನು ಮಾತ್ರ ನಾವೇ ನೆನಪಿಡಬೇಕು.

ಭೂಸ್ಥಿರ ಉಪಗ್ರಹದ ದುಂಡು ಡಿಶ್ಶಿನ ಕಥೆ ಬೇರೆ. ಆ ಉಪಗ್ರಹ 35,786 ಕಿ.ಮೀ. ಎತ್ತರದಲ್ಲಿ ನಿಂತಲ್ಲೇ ನಿಂತಂತೆ ಕಾಣುತ್ತದೆ. ಡಿಶ್ ಅದಕ್ಕೆ ಡಿಗ್ರಿಯ ಭಿನ್ನಾಂಶದಷ್ಟು ಕರಾರುವಾಕ್ಕಾಗಿ ಮುಖ ಮಾಡಬೇಕು. ಕಂಬ ಲಂಬವಾಗಿದ್ದರೆ ಬ್ರಾಕೆಟ್ಟಿನ ಮೇಲಿನ ಡಿಗ್ರಿ ಗುರುತುಗಳು ನಿಜ ಹೇಳುತ್ತವೆ. ಕಂಬ ವಾಲಿದ್ದರೆ ಒಂದೊಂದು ದಿಕ್ಕಿಗೆ ಒಂದೊಂದು ಸುಳ್ಳು. ಹಾಗಾಗಿ ರಸಮಟ್ಟವನ್ನು ಕಂಬದ ಒಂದೇ ಮಗ್ಗುಲಿಗೆ ಇಟ್ಟು ತೃಪ್ತರಾಗಬಾರದು, ಕಾಲು ಸುತ್ತು ಸರಿದು ಇನ್ನೊಂದು ಮಗ್ಗುಲಿಗೂ ಇಡಬೇಕು. ದಿಕ್ಸೂಚಿಯನ್ನು ಕಬ್ಬಿಣದ ಕಂಬದಿಂದ ಕೆಲವು ಮೀಟರ್ ದೂರ ಹಿಡಿದು ನೋಡಬೇಕು. ಅದು ತೋರಿಸುವುದು ಕಾಂತೀಯ ಉತ್ತರ, ಭೂಪಟದ ಉತ್ತರವಲ್ಲ. ಇನ್ನು ತಿರುಗಿಸುವ ಹದ: ಕೂದಲೆಳೆಯಷ್ಟು ತಿರುಗಿಸಿ, ಕೈ ತೆಗೆದು, ಸಿಗ್ನಲ್ ಅಳೆಯುವ ಮೀಟರಿನ ಅಂಕಿ ನಿಲ್ಲುವವರೆಗೆ ಕಾಯಬೇಕು. ಅಂಕಿ ಏರಿ, ತುದಿ ಮುಟ್ಟಿ, ಇಳಿಯತೊಡಗಿದಾಗ ಹಿಂದಕ್ಕೆ ಬರಬೇಕು. ನಿಜವಾದ ತುದಿಯ ಆಚೀಚೆ ಸಣ್ಣ ಸುಳ್ಳು ತುದಿಗಳೂ ಇರುತ್ತವೆ. ಅಲ್ಲಿ ಬೀಗಿ ಕೂತವರಿಗೆ ಬಿಸಿಲಿರುವಾಗ ಇಂಟರ್ನೆಟ್, ಮಳೆ ಬಂದಾಗ ರಜೆ. ಕೊನೆಗೆ ನಟ್ಟು ಬಿಗಿಯುವಾಗಲೇ ಗುರಿ ಜಾರುವುದುಂಟು, ಎರಡು ಬದಿಯ ನಟ್ಟುಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಟಿ.ವಿ. ಡಿಶ್ ಬರೀ ಕೇಳಿಸಿಕೊಳ್ಳುತ್ತದೆ, ಇದು ಮಾತೂ ಆಡುತ್ತದೆ. ಗುರಿ ತಪ್ಪಿದರೆ ಪಕ್ಕದ ಉಪಗ್ರಹದ ಕಿವಿಯಲ್ಲಿ ಕಿರುಚಿದಂತೆ. ತರಬೇತಾದ ಕೈಯೇ ಬೇಕೆಂದು ಕಂಪನಿ ಷರತ್ತು ಹಾಕಿದ್ದರೆ ಅದು ಬಿಲ್ಲು ಬೆಳೆಸುವ ನೆಪವಲ್ಲ. ಇಲ್ಲಿ ಹಟ ಬೇಡ.

ಈಗ ಗೋಡೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳುವಿಕೆ ನಾಲ್ಕು ಪಟ್ಟು. ಗಂಟೆಗೆ 100 ಕಿ.ಮೀ. ಬೀಸುವ ಗಾಳಿ 75 ಸೆಂ.ಮೀ. ಅಗಲದ ದುಂಡು ಡಿಶ್ಶನ್ನು ಹೆಚ್ಚುಕಡಿಮೆ 25 ಕೆ.ಜಿ. ಭಾರದಷ್ಟು ಬಲದಿಂದ ತಳ್ಳುತ್ತದೆ. ಅದು ಒಂದು ಮೀಟರ್ ಕಂಬದ ತುದಿಯಲ್ಲಿದ್ದರೆ ಬುಡದ ಬೋಲ್ಟುಗಳನ್ನು ಹಾರೆ ಹಾಕಿ ಮೀಟಿದಂತೆ. ಚಪ್ಪಟೆ ಡಿಶ್ಶಿಗೆ ಇದರರ್ಧ ಇರಬಹುದು, ಆದರೂ ಕಡೆಗಣಿಸುವಂಥದ್ದಲ್ಲ. ಗೋಡೆಯ ತೂತಿನೊಳಗೆ ಕಚ್ಚಿಕೊಳ್ಳುವ ಆ್ಯಂಕರ್ ಬೋಲ್ಟ್ ಕಿತ್ತುಬಂದರೆ ಎಷ್ಟೋ ಸಲ ತಪ್ಪು ಬೋಲ್ಟಿನದಲ್ಲ, ಧೂಳಿನದು. ಕೊರೆದ ತೂತನ್ನು ಊದಿ, ಬ್ರಷ್ಷಿನಿಂದ ಕೆರೆದು, ಮತ್ತೆ ಊದದಿದ್ದರೆ ಬೋಲ್ಟ್ ಹಿಡಿದುಕೊಳ್ಳುವುದು ಗೋಡೆಯನ್ನಲ್ಲ, ಆ ಧೂಳನ್ನು. ಪ್ಯಾರಪೆಟ್ಟಿನ ಅಂಚಿಗೆ ತೀರ ಹತ್ತಿರ ಕೊರೆದರೆ ಬಿಗಿಯುವಾಗಲೇ ಅಂಚು ಸಿಡಿಯುತ್ತದೆ. ಟೊಳ್ಳು ಇಟ್ಟಿಗೆಯಲ್ಲಿ ಬೋಲ್ಟ್ ಗಿರಗಿರನೆ ತಿರುಗುತ್ತದೆಯೇ ಹೊರತು ಕಚ್ಚುವುದಿಲ್ಲ. ಅಲ್ಲಿ ಆರಪಾರ ಬೋಲ್ಟ್ ಹಾಕಿ ಆ ಬದಿಗೂ ಕಬ್ಬಿಣದ ತಟ್ಟೆ ಕೊಡಬೇಕು. ನೀರು ಸೋರದಂತೆ ಮೇಲ್ಪದರ ಬಳಿದ ತಾರಸಿಯ ನೆಲವನ್ನಂತೂ ಕೊರೆಯಲೇಬಾರದು, ಅಗಲ ಚೌಕಟ್ಟಿನ ಮೇಲೆ ಕಾಂಕ್ರೀಟ್ ಬ್ಲಾಕ್ ಹೇರಿದರೆ ಸಾಕು. ಅಲೆಅಲೆಯ ಶೀಟಾದರೆ ತೂತು ಅಲೆಯ ನೆತ್ತಿಯ ಮೇಲಿರಬೇಕು. ತಗ್ಗು ನೀರು ಹರಿಯುವ ಹಾದಿ.

ಕೇಬಲ್ ಒಳಬರುವ ತೂತಂತೂ ಎಲ್ಲ ಬಣ್ಣ ನುಂಗುವ ಮಸಿ. ಒಳಗಿನಿಂದ ಹೊರಕ್ಕೆ ಇಳಿಜಾರಾಗಿ ಕೊರೆಯಬೇಕು. ತಿರುವುಮುರುವಾದರೆ ಮಳೆನೀರಿಗೆ ಮನೆಯೊಳಕ್ಕೆ ನಾವೇ ಕಾಲುವೆ ತೋಡಿಕೊಟ್ಟಂತೆ. ತೂತಿನ ಹೊರಗೆ ಕೇಬಲ್ಲನ್ನು ಒಂದಿಷ್ಟು ಕೆಳಗೆ ಜೋತುಬಿಟ್ಟು ಮೇಲಕ್ಕೆ ತಂದರೆ ಹನಿಗಳು ಆ ಜೋಲಿಯ ತಳದಲ್ಲೇ ತೊಟ್ಟಿಕ್ಕುತ್ತವೆ. ಸಿಲಿಕೋನ್ ಮೆತ್ತುವುದು ಇದರ ಜೊತೆಗೆ, ಇದರ ಬದಲಿಗಲ್ಲ. ಕೇಬಲ್ಲಿಗಿಂತ ಅದರ ತುದಿಯ ಪ್ಲಗ್ ದಪ್ಪ. ಅಳೆಯದೆ ಕೊರೆದವರು ಆಮೇಲೆ ಕೇಬಲ್ ಕತ್ತರಿಸಿ ಜೋಡಿಸುತ್ತಾರೆ. ಚಪ್ಪಟೆ ಡಿಶ್ಶಿಗೆ 75ರಿಂದ 100 ವ್ಯಾಟ್ ವಿದ್ಯುತ್ತೂ ಅದೇ ಕೇಬಲ್ಲಿನಲ್ಲಿ ಹೋಗುವುದರಿಂದ ಆ ಗಂಟು ಬಿಸಿಯೇರಿ, ವೋಲ್ಟೇಜ್ ಕುಸಿದು, ಡಿಶ್ ಆಗಾಗ ತಾನಾಗಿಯೇ ಆರಿ ಹತ್ತುತ್ತದೆ.

ಅರ್ಥಿಂಗ್ ಮತ್ತು ಏಣಿ, ಇವೆರಡರ ಕೆಲಸಕ್ಕೆ ಟೆಕ್ನಿಷಿಯನ್ನಿಗೆ ದುಡ್ಡು ಕೊಡಲು ಹಿಂದೆಮುಂದೆ ನೋಡಬೇಕಿಲ್ಲ. ಕಂಬಕ್ಕೆಂದು ಬೇರೆಯೇ ಸರಳು ಹೂತು ಅದನ್ನು ಮನೆಯ ಅರ್ಥಿಂಗಿಗೆ ಸೇರಿಸದೆ ಬಿಟ್ಟರೆ, ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡು ಅರ್ಥಿಂಗುಗಳ ನಡುವಿನ ವೋಲ್ಟೇಜ್ ಜಗಳಕ್ಕೆ ನಮ್ಮ ರೌಟರೇ ಸೇತುವೆ. ಏಣಿ ನಾಲ್ಕು ಅಡಿ ಏರುವುದಕ್ಕೆ ಬುಡ ಒಂದು ಅಡಿ ಆಚೆಗಿರಬೇಕು, ತುದಿ ಚಾವಣಿಯ ಅಂಚಿಗಿಂತ ಮೂರಡಿ ಮೇಲೆ ಚಾಚಿರಬೇಕು. ವಿದ್ಯುತ್ ತಂತಿ ಹತ್ತಿರ ಹಾದಿದ್ದರೆ ಏರುವ ಮಾತೇ ಬೇಡ.

ಹಾಗೆಂದು ಬಂದವನ ಕೈಗೆ ಎಲ್ಲವನ್ನೂ ಒಪ್ಪಿಸಿ ಒಳಗೆ ಕೂರುವ ಹಾಗೂ ಇಲ್ಲ. ದಿನಕ್ಕೆ ನಾಲ್ಕು ಮನೆ ಮುಗಿಸಬೇಕಾದವನಿಗೆ ಏಣಿ ಸಲೀಸಾಗಿ ನಿಲ್ಲುವ ಜಾಗವೇ ಒಳ್ಳೆಯ ಜಾಗ. ಅಡ್ಡಿಯಿಲ್ಲದ ಜಾಗವನ್ನು ನಾವೇ ಮೊದಲು ಕಂಡುಕೊಂಡು ಸೀಮೆಸುಣ್ಣದಲ್ಲಿ ಗುರುತು ಮಾಡಿಡಬೇಕು. ಅವನು ಹೊರಡುವ ಮುನ್ನ ಕಂಬ ಹಿಡಿದು ಅಲುಗಿಸಿ ನೋಡಬೇಕು, ಪೊಟ್ಟಣದ ತಳವನ್ನೂ ನೋಡಬೇಕು. ನಟ್ಟು ಸಡಿಲಾಗದಿರಲೆಂದು ನಾಲ್ಕು ನಟ್ಟಿಗೆ ನಾಲ್ಕು ಸ್ಪ್ರಿಂಗ್ ವಾಷರ್ ಬಂದಿರುತ್ತವೆ. ಅವುಗಳಲ್ಲಿ ಎರಡು ಅಲ್ಲೇ ಉಳಿದಿದ್ದರೆ, “ಇವು ಎಕ್ಸ್‌ಟ್ರಾ ಸಾರ್” ಎಂಬ ಉತ್ತರ ಸಿಗುತ್ತದೆ. ಏಣಿಯನ್ನು ಇನ್ನೂ ಮಡಚಿರದಿದ್ದರೆ ಅವನನ್ನು ಮತ್ತೊಮ್ಮೆ ಹತ್ತಿಸಬಹುದು.