ಒನಕೆ ಹಿಡಿದರಷ್ಟೇ ಪಾಠದಲ್ಲಿ ಜಾಗವೇ?

ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆ ಹುಟ್ಟಿದ ದಿನ ಜನವರಿ 3. ಅದು ಬಂತೆಂದರೆ ಪುಣೆಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ತುಂಬ ಪುಟಾಣಿ ಸಾವಿತ್ರಿಬಾಯಿಗಳು. ಈ ಸಲ ಪಕ್ಕದ ಮನೆ ಹುಡುಗಿ ಹಣೆಗೆ ಕಾಸಗಲ ಕುಂಕುಮ ಇಟ್ಟು, ಬ್ಯಾಗಿನಲ್ಲಿ ಇನ್ನೊಂದು ಸೀರೆ ಮಡಚಿಟ್ಟುಕೊಂಡು ಹೊರಟಿದ್ದಳು. ಅದ್ಯಾಕೆ ಪುಟ್ಟಿ ಎಂದರೆ, "ದಾರೀಲಿ ಜನ ಸಗಣಿ ಎರಚ್ತಾರಲ್ಲ ಕಾಕಾ, ಶಾಲೆ ಮುಟ್ಟಿದ ಮೇಲೆ ಬದಲಾಯಿಸ್ಕೋಬೇಕು" ಎಂದಳು. ಎರಡನೇ ಕ್ಲಾಸಿನ ಮಗು! ನಿಮ್ಮೂರಲ್ಲಿ ಯಾರ ವೇಷ ಹಾಕ್ತಾರೆ ಅಂತಲೂ ಕೇಳಿದಳು. ಚಿತ್ರದುರ್ಗದವನು ನಾನು, ಓಬವ್ವ ಎಂದೆ. ಕಿತ್ತೂರು ಚೆನ್ನಮ್ಮನನ್ನೂ ಸೇರಿಸಿದೆ. "ಇಬ್ಬರೂ ಹೊಡೆದಾಡೋರೇನಾ?"

ಚುರುಕ್ ಎಂದಿತು. ನಮ್ಮ ಪಾಠದೊಳಗೆ ಹೆಣ್ಣು ಬರಬೇಕಾದರೆ ಕೈಯಲ್ಲಿ ಒನಕೆಯೋ ಕತ್ತಿಯೋ ಇರಬೇಕು. ಶಾಲೆಯ ಪ್ರವಾಸದಲ್ಲಿ ಬೆಳಿಗ್ಗೆ ಕೋಟೆ, ಮಧ್ಯಾಹ್ನ ಮಾರಿಕಣಿವೆ ಅಣೆಕಟ್ಟೆ. ಓಬವ್ವನ ಕಿಂಡಿಯಲ್ಲಿ ನಮ್ಮ ಮೇಷ್ಟ್ರು ತಾವೇ ತಲೆ ತೂರಿಸಿ, ಒನಕೆ ಎತ್ತಿದ ಹಾಗೆ ಕೈ ಎತ್ತಿ ಕಥೆ ಹೇಳಿದ್ದರು. ಮಾರಿಕಣಿವೆಯಲ್ಲಿ ಚಿತ್ರಾನ್ನ ತಿಂದು ಬಸ್ ಹತ್ತಿದೆವು. ಅದಕ್ಕೆ ವಾಣಿವಿಲಾಸ ಸಾಗರ ಎಂಬ ಹೆಸರಿರುವುದೇನೋ ಗೊತ್ತಿತ್ತು. ಆ ವಾಣಿವಿಲಾಸ ಯಾರು ಅಂತ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅವರು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. 1894ರ ಕೊನೆಗೆ ಗಂಡ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ನಾಲ್ವಡಿ ಕೃಷ್ಣರಾಜರಿಗೆ ಹತ್ತು ವರ್ಷ. 1902ರವರೆಗೆ ರಾಜ್ಯ ಈಕೆಯ ಕೈಯಲ್ಲಿತ್ತು. ಅದರ ನಡುವೆಯೇ ಅರಮನೆ ಸುಟ್ಟಿತು, ಪ್ಲೇಗ್ ಬಂತು. ದಸರಾದಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತೇವಲ್ಲ, ಆ ಅರಮನೆಯ ಕೆಲಸ ಹಿಡಿಸಿದ್ದು ಇವರು. ಮಾರಿಕಣಿವೆಗೆ ಕಟ್ಟೆ ಶುರುವಾದದ್ದು, ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟ್ ಹೋದದ್ದು ಇವರ ಕಾಲದಲ್ಲೇ. ನಾವು ಪರೀಕ್ಷೆಯಲ್ಲಿ ಕರೆಂಟನ್ನು ದಿವಾನ್ ಶೇಷಾದ್ರಿ ಅಯ್ಯರ್ ಲೆಕ್ಕಕ್ಕೆ ಬರೆದು ಅಂಕ ತಗೊಂಡೆವು. ದಿವಾನರು ದುಡಿದದ್ದು ನಿಜವೇ. ಆದರೆ ಕನ್ನಂಬಾಡಿ ಎಂದಾಗ ವಿಶ್ವೇಶ್ವರಯ್ಯನವರ ಜೊತೆ ನಾಲ್ವಡಿಯವರ ಹೆಸರೂ ಬರುತ್ತದಲ್ಲ, ಅವರ ತಾಯಿಯ ವಿಷಯಕ್ಕೆ ಮಾತ್ರ ಯಾಕಪ್ಪಾ ಈ ಜುಗ್ಗತನ? 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಊರಿಂದ ವಾಟ್ಸಾಪಿಗೆ ಬಂದ ವಿಡಿಯೊಗಳಿಗೆ ಲೆಕ್ಕವಿಲ್ಲ. ಒಂದರಲ್ಲೂ ಆ ತಾಯಿಯ ಪ್ರಸ್ತಾಪ ಇರಲಿಲ್ಲ.

ಪುಣೆಯವರೇನು ಭಾರೀ ಸಾಚಾ ಅಲ್ಲ, ಬಿಡಿ. ಫುಲೆ ದಂಪತಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಭಿಡೆ ವಾಡಾ ಎಂಬ ಹಳೇ ಮನೆ ಇದ್ದದ್ದು ದಗಡೂಶೇಟ್ ಗಣಪತಿ ಗುಡಿಯ ಎದುರಿಗೇ. ಗಣಪತಿಗೆ ಕಿಲೋಮೀಟರ್ ಕ್ಯೂ, ವಾಡಾ ಮಾತ್ರ ವರ್ಷಗಟ್ಟಲೆ ಪಾಳು. ಕೋರ್ಟು ಕಚೇರಿ ಮುಗಿದು, 2023ರ ಡಿಸೆಂಬರಿನಲ್ಲಿ ಸ್ಮಾರಕಕ್ಕೆಂದು ಅದನ್ನು ಕೆಡವಿದರು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರು ಹಾಕಿಕೊಂಡ ಕೆಳದಿ ಚೆನ್ನಮ್ಮನ ಹೆಸರೆತ್ತಿದರೆ ನನ್ನ ಆಫೀಸಿನ ಮರಾಠಿ ಗೆಳೆಯರು ಮುಖ ಮುಖ ನೋಡಿಕೊಳ್ಳುತ್ತಾರೆ.

ಇನ್ನೊಂದನ್ನೂ ಒಪ್ಪಲೇಬೇಕು. ಓಬವ್ವ ರಾಣಿಯಲ್ಲ, ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದ ಕಾವಲುಗಾರನ ಹೆಂಡತಿ. ಅಂಥವಳ ಜಯಂತಿಯನ್ನು ಸರ್ಕಾರವೇ ನವೆಂಬರ್ 11ಕ್ಕೆ ಮಾಡುತ್ತದೆ.